ಆರೂವರೆ ಮೆಟ್ಟಿಲಿನ ಬಿಳಿ

ನಮ್ಮಪ್ಪನ ಮುಂದೆ ನಿಂತು ದೇವರಿಲ್ಲ ಎಂದರೆ ನಕ್ಕು ಸುಮ್ಮನಾದಾರು. ಬಿಳಿ ಇಲ್ಲ ಎಂದರೆ ಸುಮ್ಮನಾಗುವ ಆಸಾಮಿಯಲ್ಲ. ಅವರ ಲಾಂಡ್ರಿಯ ಬೋರ್ಡಿನಲ್ಲಿ ಅಂಗಡಿಯ ಹೆಸರು ಮೂಲೆಯಲ್ಲೆಲ್ಲೋ ಇದೆ. ನಡುವೆ ಮೊಳದುದ್ದದ ಅಕ್ಷರಗಳಲ್ಲಿ ಇರುವುದು 'ಬಿಳಿ ಎಂದರೆ ಬಿಳಿ' ಎಂಬ ಒಂದೇ ಮಾತು. ಬಣ್ಣದ ಬಟ್ಟೆ ಒಗೆಯುವುದು ಅವರಿಗೆ ಹೊಟ್ಟೆಪಾಡು, ಬಿಳಿ ಬಟ್ಟೆ ಒಗೆಯುವುದು ತಪಸ್ಸು. ಎಷ್ಟು ತಿಕ್ಕಿ ತೊಳೆದರೂ ಬಿಳಿ ಬಟ್ಟೆಯಲ್ಲಿ ಒಂದಿಷ್ಟು ಹಳದಿ ಉಳಿದೇ ಉಳಿಯುತ್ತದೆ. ಕೊನೆಯ ನೀರಿಗೆ ಹಾಕುವ ಚಿಟಿಕೆ ನೀಲಿ ಅದನ್ನು ನುಂಗಿಹಾಕುತ್ತದೆ. ಚಿಟಿಕೆ ಹೆಚ್ಚಾದರೆ ಷರಟು ಆಕಾಶ, ಕಡಿಮೆಯಾದರೆ ಹಲ್ಲು. ಆ ಚಿಟಿಕೆಯನ್ನು ಅಪ್ಪ ಇಂದಿಗೂ ಮತ್ತೊಬ್ಬರ ಕೈಗೆ ಕೊಟ್ಟಿಲ್ಲ.

ಅಂಥ ಮನೆಗೆ ನಮ್ಮ ಭಾವ ಅಳಿಯನಾಗಿ ಬಂದರು. 'ಅಳಿಯ ಮನೆ ತೊಳಿಯ' ಎಂಬ ಗಾದೆಗೆ ಲಾಂಡ್ರಿಯವರು ಹೆದರುವುದಿಲ್ಲ. ತೊಳೆದರೆ ತೊಳೆಯಲಿ ಎಂದು ಅಪ್ಪ ಮಹಡಿಯ ಮೇಲಿನ ಎರಡು ಕೋಣೆಗಳನ್ನು ಅಕ್ಕ-ಭಾವನಿಗೆ ಬಿಟ್ಟುಕೊಟ್ಟು, ಅಳಿಯನನ್ನು ತೊಟ್ಟಿಯ ಬಳಿ ನಿಲ್ಲಿಸಿದರು. ಮೊದಲ ವಾರವೇ ಭಾವ ಬಿಳಿ ಬಟ್ಟೆಗಳ ನಡುವೆ ತಮ್ಮ ಕೆಂಪು ಟವೆಲು ನೆನೆಸಿದರು. ಅಂದಿನಿಂದ ಅವರಿಗೆ ಮನೆಮನೆಗೆ ಗಂಟು ತಲುಪಿಸುವ ಕೆಲಸ. ಮನುಷ್ಯ ಒಳ್ಳೆಯವರು, ಸುಳ್ಳು ಹೇಳುವುದು ಗೊತ್ತಿಲ್ಲ. ಆದರೆ ಯಾವಾಗ ನಿಜ ಹೇಳಬಾರದು ಎಂಬುದೂ ಗೊತ್ತಿಲ್ಲ.

ಒಂದು ದಿನ ಚಿತ್ರಕಲಾ ಶಾಲೆಗೆ ಮೇಲಂಗಿಗಳ ಗಂಟು ತಲುಪಿಸಲು ಹೋದ ಭಾವ, ಕೊಟ್ಟು ಬರುವುದು ಬಿಟ್ಟು ತರಗತಿಯ ಬಾಗಿಲಲ್ಲಿ ಇಣುಕಿದರು. ಅಂದು ಚಿತ್ರಕ್ಕೆ ಕೂರಬೇಕಾಗಿದ್ದವನು ಬಂದಿರಲಿಲ್ಲ. "ಇಷ್ಟು ಹೊತ್ತಾ ಬರೋದು? ಕೂತ್ಕೊಳ್ಳಿ ಬೇಗ" ಎಂದು ಪಾಠದ ಮೇಡಂ ಗದರಿಸಿ, ಅವರನ್ನು ಎತ್ತರದ ಸ್ಟೂಲಿನ ಮೇಲೆ ಕೂರಿಸಿಯೇಬಿಟ್ಟರು. ಕೂತ್ಕೊಳ್ಳಿ ಎಂದವರ ಮಾತು ಮೀರಿ ಭಾವನಿಗೆ ಅಭ್ಯಾಸವಿಲ್ಲ. ಸುತ್ತ ಕುಳಿತ ವಿದ್ಯಾರ್ಥಿಗಳೆಲ್ಲ ತೂತು ಕೊರೆದ ಬೂದು ರಟ್ಟುಗಳನ್ನು ಎತ್ತಿ, ಒಂದು ಕಣ್ಣು ಮುಚ್ಚಿ, ಅವರ ಮುಖಕ್ಕೆ ಗುರಿಯಿಟ್ಟರು.

"ಮೂಗು?" ಎಂದರು ಮೇಡಂ.

"ಕೆಂಪು-ಹಳದಿ ಮನೆತನ. ಮೆಟ್ಟಿಲು ಐದು. ಕಸುವು ನಾಲ್ಕು."

"ಗಲ್ಲದ ಕೆಳಗೆ?"

"ಹಸಿರು, ಮೇಡಂ! ಮೆಟ್ಟಿಲು ಮೂರು."

"ಭೇಷ್!"

ಭಾವ ಸ್ಟೂಲಿನ ಮೇಲೆಯೇ ಕಲ್ಲಾಗಿಹೋದರು. ಹುಟ್ಟಿದಾಗಿನಿಂದ ಜೊತೆಗಿರುವ ಗಲ್ಲ. ಅದರ ಕೆಳಗೆ ಹಸಿರು ಬೆಳೆದಿದೆ ಎಂದು ಮನೆಯ ಒಬ್ಬರಾದರೂ ಹೇಳಬೇಡವೇ? ಆಘಾತ ಇಳಿದ ಮೇಲೆ ಅವರಿಗೆ ಜ್ಞಾನ ಹತ್ತಿತು. ವಾರವಾರವೂ ಹೋಗಿ ಸ್ಟೂಲಿನ ಮೇಲೆ ಕೂತರು, ಕೂತಲ್ಲಿಯೇ ಪಾಠ ಕೇಳಿದರು, ಕೊನೆಗೆ ತಮಗೂ ಒಂದು ತೂತಿನ ರಟ್ಟು ಸಂಪಾದಿಸಿಕೊಂಡರು.

"ಬಣ್ಣದ ಹೆಸರು ನಂಬಬಾರದು ಕಣಯ್ಯ," ಎಂದು ಇಸ್ತ್ರಿ ಮಾಡುತ್ತಿದ್ದ ನನಗೆ ಉಪದೇಶ ಶುರುವಾಯಿತು. "ನೀನು ಗಿಳಿಹಸಿರು ಅಂತೀಯ, ನಿಮ್ಮಕ್ಕ ಎಲೆಹಸಿರು ಅಂತಾಳೆ, ಜಗಳ ಹತ್ಕೊಳ್ಳುತ್ತೆ. ಕಲಾವಿದರು ಮೂರೇ ಪ್ರಶ್ನೆ ಕೇಳ್ತಾರೆ. ಯಾವ ಮನೆತನ? ಕೆಂಪು, ಹಳದಿ, ಹಸಿರು, ನೀಲಿ, ನೇರಳೆ, ಐದು ಮನೆತನ. ಅಕ್ಕಪಕ್ಕದವರು ಬೀಗತನ ಮಾಡ್ಕೊಂಡಿದ್ದರಿಂದ ಇನ್ನೈದು. ಎರಡನೇದು, ಬೆಳಕಿನ ಯಾವ ಮೆಟ್ಟಿಲು? ಕೆಳಗೆ ಮಸಿ, ಮೇಲೆ ಹತ್ತನೇದು ಬಿಳಿ. ಮೂರನೇದು ಕಸುವು. ಬಣ್ಣ ಗಟ್ಟಿಮುಟ್ಟಾಗಿದೆಯೋ, ಬೂದಿ ಬಳ್ಕೊಂಡು ಸಪ್ಪಗಿದೆಯೋ? ಮೂರು ಗೊತ್ತಾದ್ರೆ ಪ್ರಪಂಚದ ಯಾವ ಬಣ್ಣ ಬೇಕಾದ್ರೂ ತಟ್ಟೇಲಿ ಕಲಸಬಹುದು."

"ಈ ತೂತು ಯಾಕೆ ಭಾವ?"

"ಇದು ತೂತಲ್ಲ, ಕಿಂಡಿ. ಸುತ್ತಮುತ್ತಲಿಂದು ಕಾಣದ ಹಾಗೆ ಮರೆ ಮಾಡುತ್ತೆ. ಇಲ್ಲದಿದ್ರೆ ಮನಸ್ಸು ಮೋಸ ಮಾಡುತ್ತಲ್ಲ! ಗೊತ್ತಿರೋದನ್ನ ಹೇಳಬಾರದು, ಕಂಡದ್ದನ್ನ ಹೇಳಬೇಕು. ಅದೇ ಕಲೆ."

ರಟ್ಟಿನ ಒಂದು ಅಂಚಿಗೆ ಕಪ್ಪಿನಿಂದ ಬಿಳಿಯವರೆಗೆ ಹತ್ತು ಬೂದು ಚೌಕಗಳನ್ನು ಸಾಲಾಗಿ ಬಳಿದಿದ್ದರು. ಕಿಂಡಿಯಲ್ಲಿ ಕಂಡ ಬಣ್ಣವನ್ನು ಆ ಚೌಕಗಳಿಗೆ ಹೋಲಿಸಿದರೆ ಮೆಟ್ಟಿಲು ಸಿಗುತ್ತಿತ್ತು. ಅಂದು ಊಟಕ್ಕೆ ಕೂತಾಗ ಭಾವ ಕಿಂಡಿಯಿಂದ ಅಕ್ಕನನ್ನು ನೋಡಿ, "ಅಲ್ಲಾಡಬೇಡ. ನಿನ್ನ ಕೆನ್ನೆ ಹಸಿರು ಮನೆತನ" ಎಂದರು.

"ನಿಮ್ಮ ಮನೆತನಕ್ಕಿಂತ ವಾಸಿ," ಎಂದಳು ಅಕ್ಕ, ಸಾರಿನ ಸೌಟು ಎತ್ತಿ.

ಇಷ್ಟಕ್ಕೇ ನಿಂತಿದ್ದರೆ ನಾನು ಈ ಕತೆ ಹೇಳಬೇಕಾಗಿರಲಿಲ್ಲ. ಅದೇ ವಾರ ರೈಲು ನಿಲ್ದಾಣದ ಎದುರಿನ ದೊಡ್ಡ ಹೋಟೆಲಿನ ಮ್ಯಾನೇಜರು ನಮ್ಮ ಅಂಗಡಿಗೆ ಬಂದರು. ಆ ಹೋಟೆಲಿನಲ್ಲಿ ಹಾಸಿಗೆಯ ಮೇಲಿನ ಚಾದರ, ಮೇಜಿನ ಬಟ್ಟೆ, ಬಡಿಸುವವರ ಕೋಟು, ಎಲ್ಲವೂ ಬಿಳಿ. ಅಷ್ಟೊಂದು ಬಿಳಿಯನ್ನು ಬೇರೆ ಯಾವನೋ ಒಗೆಯುತ್ತಿದ್ದಾನೆಂಬ ಸಂಕಟದಲ್ಲಿ ಅಪ್ಪ ಎಷ್ಟೋ ವರ್ಷದಿಂದ ಸರಿಯಾಗಿ ನಿದ್ದೆ ಮಾಡಿರಲಿಲ್ಲ. ಪರೀಕ್ಷೆಗೆಂದು ಹೋಟೆಲಿನವರು ಒಂದು ಚಾದರ ಕೊಟ್ಟಿದ್ದರು. ಅಪ್ಪ ಅದನ್ನು ಮಗುವಿಗೆ ಎಣ್ಣೆ ನೀರೆರೆದಂತೆ ಒಗೆದು, ಅಂಗಡಿಯ ಮುಂದೆ ನೆರಳಲ್ಲಿ ಹರಡಿ ಹಿಡಿದು ನಿಂತಿದ್ದರು.

"ಆಹಾ, ಏನ್ ಬಿಳಿ ಸ್ವಾಮಿ ಇದು!" ಎಂದರು ಮ್ಯಾನೇಜರು. "ಕರಾರು ನಿಮಗೇ ಅಂದ್ಕೊಳ್ಳಿ."

ಸರಿಯಾಗಿ ಆಗ ಭಾವ ಗಂಟು ತಲುಪಿಸಿ ವಾಪಸು ಬಂದರು. ನಾನು ಒಳಗಿನಿಂದ ಕೈಸನ್ನೆ ಮಾಡಿದೆ, ಕಣ್ಣುಸನ್ನೆ ಮಾಡಿದೆ, ಇಸ್ತ್ರಿ ಪೆಟ್ಟಿಗೆಯನ್ನು ದಬ್ ಎಂದು ಕುಕ್ಕಿದೆ. ಅವರು ನನ್ನತ್ತ ನೋಡಲೇ ಇಲ್ಲ. ಕಿಂಡಿ ಕಣ್ಣಿಗೆ ಏರಿಯಾಗಿತ್ತು.

"ಬಿಳಿ ಎಲ್ಲಿದೆ ಸಾರ್?" ಎಂದರು ಭಾವ, ಅತ್ಯಂತ ಪ್ರೀತಿಯಿಂದ. "ಇದು ನೇರಳೆ-ನೀಲಿ ಮನೆತನ. ಮೆಟ್ಟಿಲು ಆರೂವರೆ. ಕಸುವು ಎರಡು."

ಮ್ಯಾನೇಜರು ನಕ್ಕರು. ಭಾವ ನಗಲಿಲ್ಲ, ರಟ್ಟನ್ನು ಅವರ ಕಣ್ಣಿಗೇ ಹಿಡಿದರು. ಮ್ಯಾನೇಜರು ಒಂದು ಕಣ್ಣು ಮುಚ್ಚಿ ಇಣುಕಿದರು. ಇಣುಕಿದವರ ಬಾಯಿ ನಿಧಾನವಾಗಿ ತೆರೆಯಿತು.

"ಅಯ್ಯಯ್ಯೋ! ಹೌದಲ್ರೀ! ನೇರಳೆ!"

ಈ ವಿಚಿತ್ರವನ್ನು ನಾನೂ ಆಮೇಲೆ ಕದ್ದು ಪರೀಕ್ಷಿಸಿದೆ. ನೆರಳಲ್ಲಿ ಹಿಡಿದ ಬಿಳಿ ಬಟ್ಟೆಯನ್ನು ಕಿಂಡಿಯಿಂದ ನೋಡಿದರೆ ಬಟ್ಟೆ ಮಾಯವಾಗಿ ಬರೀ ಬಣ್ಣದ ಒಂದು ಚುಕ್ಕೆ ಉಳಿಯುತ್ತದೆ, ಆ ಚುಕ್ಕೆ ನಿಜವಾಗಿಯೂ ಸಂಜೆಯ ಮೋಡದ ಬಣ್ಣಕ್ಕಿರುತ್ತದೆ. ರಟ್ಟು ತೆಗೆದರೆ ಮತ್ತೆ ಬಿಳಿ. ಮ್ಯಾನೇಜರು ನೋಡಿದರು, ತೆಗೆದರು, ಮತ್ತೆ ನೋಡಿದರು. ಕೊನೆಗೆ ದೆವ್ವ ಕಂಡವರಂತೆ ಚಾದರವನ್ನೂ ಬಿಟ್ಟು ಹೊರಟುಹೋದರು.

"ಕಾಮಾಲೆ ಕಣ್ಣವನಿಗೆ ಲೋಕವೆಲ್ಲಾ ಹಳದಿ," ಎಂದರು ಅಪ್ಪ, ದನಿ ಸತ್ತುಹೋಗಿತ್ತು. "ನಿನಗೆ ಯಾವ ರೋಗ ಬಂತಯ್ಯಾ ಮಹಾರಾಯ, ಲೋಕವೆಲ್ಲಾ ನೇರಳೆ ಕಾಣೋಕೆ?"

"ನಿಮಗೂ ಕಾಣುತ್ತೆ ಮಾವ. ಒಂದ್ಸಲ ನೋಡಿ."

ಅಪ್ಪ ನೋಡಲಿಲ್ಲ. ಆದರೆ ಪಕ್ಕದ ಅಂಗಡಿಯ ಹಲ್ಲಿನ ಡಾಕ್ಟರು ನೋಡಿದರು. ಅವರ ಕೋಟುಗಳೆಲ್ಲ ನಮ್ಮಲ್ಲೇ ಒಗೆಯುವುದು. ಮ್ಯಾನೇಜರ ಕೂಗು ಕೇಳಿ, ರೋಗಿಯ ಬಾಯನ್ನು ತೆರೆದಲ್ಲಿಯೇ ಬಿಟ್ಟು ಓಡಿಬಂದಿದ್ದರು. ಕಿಂಡಿಯಿಂದ ತಮ್ಮ ತೋಳು ನೋಡಿಕೊಂಡು ಹೌಹಾರಿದರು.

"ಇಷ್ಟು ವರ್ಷ ನಾನು ನೇರಳೆ ಕೋಟು ಹಾಕ್ಕೊಂಡು ಜನರ ಹಲ್ಲು ಕಿತ್ತಿದ್ದೀನಾ?"

"ಕೋಟು ಪರವಾಗಿಲ್ಲ ಡಾಕ್ಟ್ರೇ, ಬೇಜಾರು ಮಾಡ್ಕೋಬೇಡಿ," ಎಂದು ಭಾವ ಸಮಾಧಾನ ಮಾಡಿದರು. ಸಮಾಧಾನಕ್ಕೆಂದು ಕನ್ನಡಿ ತಂದು ಡಾಕ್ಟರ ಮುಂದೆ ಹಿಡಿದರು. "ನಿಮ್ಮ ಹಲ್ಲಿಗೆ ಹೋಲಿಸಿದ್ರೆ ಕೋಟು ಎಷ್ಟೋ ವಾಸಿ. ಹಲ್ಲು ಹಳದಿ ಮನೆತನ, ಕಸುವು ನಾಲ್ಕು!"

ಹಲ್ಲಿನ ಡಾಕ್ಟರು ಎಂದೂ ಬಾಯಿ ಮುಚ್ಚದ ಮನುಷ್ಯ. ಅಂದು ತುಟಿ ಬಿಗಿಹಿಡಿದು ಹೊರಟವರು ನೇರವಾಗಿ ಅಳತೆ-ತೂಕದ ಇಲಾಖೆಗೆ ಹೋದರು. ಬೋರ್ಡಿನಲ್ಲೊಂದು, ಬಟ್ಟೆಯಲ್ಲೊಂದು ಎಂದು ದೂರು ಕೊಟ್ಟರು.

ಸಂಜೆಯ ಹೊತ್ತಿಗೆ ಬೀದಿಗೆ ಬೀದಿಯೇ ಅಂಗಡಿ ಮುಂದೆ ನೆರೆದಿತ್ತು. ಪ್ರತಿಯೊಬ್ಬರಿಗೂ ಕಿಂಡಿ ಬೇಕು. ನೋಡಿದವರು ಒಬ್ಬೊಬ್ಬರಾಗಿ ಬಾಯಿ ಮೇಲೆ ಕೈಯಿಟ್ಟುಕೊಂಡರು. ಒಬ್ಬಾಕೆ ಗಂಡನ ಬಣ್ಣ ಹಚ್ಚಿದ ತಲೆಗೂದಲು ನೋಡಿ, "ಥೂ, ಇದು ನೀಲಿ ಕಣ್ರೀ!" ಎಂದು ಚೀರಿದಳು. ಬ್ಯಾಂಕಿನ ಗುಮಾಸ್ತ ತನ್ನ ಷರಟಿನ ಬೆನ್ನು ಯಾವ ಮನೆತನದ್ದೆಂದು ತಿಳಿಯಲು ಅದನ್ನು ಬಿಚ್ಚಿ ತಂತಿಗೆ ನೇತುಹಾಕಿದ. ಭಾವನಂತೂ ಊಟ ತಿಂಡಿ ಮರೆತು ಎಲ್ಲರಿಗೂ ಉತ್ತರ ಹೇಳುತ್ತಲೇ ಇದ್ದರು. ತಾವು ಲಾಂಡ್ರಿಗೆ ಗಿರಾಕಿ ತರುತ್ತಿದ್ದೇವೆಂದೇ ಪಾಪ ಆ ಮನುಷ್ಯ ನಂಬಿದ್ದರು.

ಅಪ್ಪ ಹಾಸಿಗೆ ಹಿಡಿದರು. ಇಲಾಖೆಯ ಅಧಿಕಾರಿ ಬೆಳಿಗ್ಗೆ ಬರುತ್ತಾರೆಂದು ತಿಳಿದ ಮೇಲೆ ಗೋಡೆಯ ಕಡೆ ತಿರುಗಿಕೊಂಡೇ ಅಕ್ಕನನ್ನು ಕರೆದರು.

"ನಾಳೆ ನನ್ನ ಬೋರ್ಡು ಇಳಿದ್ರೆ, ನೀನೂ ನಿನ್ನ ಗಂಡಾನೂ ಮಹಡಿ ಇಳಿದು ಹೋಗಬೇಕು. ಟ್ರಂಕು ಕಟ್ಟಿಟ್ಕೋ."

"ಅವರು ಸುಳ್ಳು ಹೇಳಿಲ್ಲ ಅಪ್ಪ. ಕಂಡದ್ದು ಹೇಳಿದ್ದಾರೆ."

"ಕಂಡದ್ದು ಕಂಡಹಾಗೆ ಹೇಳಿದ್ರೆ ಕೆಂಡದಂಥ ಕೋಪ ಅಂತ ಗಾದೇನೇ ಇದೆ. ಕಟ್ಟು ಟ್ರಂಕು."

"ಕಟ್ತೀನಿ," ಎಂದಳು ಅಕ್ಕ. ಅಪ್ಪನ ಹಟವನ್ನೆಲ್ಲ ಅವಳೇ ಪಾಲಿಗೆ ತೆಗೆದುಕೊಂಡಿದ್ದಾಳೆ, ನನಗೆ ಉಳಿಸಿಲ್ಲ. ಮೇಲೆ ಹೋಗಿ ನೋಡಿದರೆ ಭಾವ ಕಿಟಕಿಯ ಬಳಿ ಬೆಪ್ಪಾಗಿ ನಿಂತಿದ್ದರು. "ನಾನು ಹೋದ್ರೆ ಹೋದೆ ಕಣಯ್ಯ. ಮಾವನಿಗೆ ಆ ಹೋಟೆಲಿನ ಬಟ್ಟೆ ಒಗೆಯೋ ಆಸೆ ಎಷ್ಟಿತ್ತು!" ಎಂದರು. ನನಗೆ ನಿಜಕ್ಕೂ ಅಳು ಬಂತು.

ಬೆಳಿಗ್ಗೆ ಅಳತೆ-ತೂಕದ ಅಧಿಕಾರಿ ಬಂದರು. ಕಂಕುಳಲ್ಲಿ ತಕ್ಕಡಿ, ಕೈಯಲ್ಲಿ ಟೇಪು, ಮೈಮೇಲೆ ಬಿಳಿ ಷರಟು, ಮುಖದ ಮೇಲೆ ಸರ್ಕಾರ. ಹೋಟೆಲಿನ ಚಾದರವನ್ನು ಮೊದಲು ತೂಗಿದರು, ಆಮೇಲೆ ಉದ್ದ ಅಗಲ ಅಳೆದರು. ಬಿಳುಪನ್ನು ಮಾತ್ರ ಹೇಗೆ ಅಳೆಯುವುದೋ ಅವರಿಗೂ ತಿಳಿಯಲಿಲ್ಲ.

"ಬಿಳಿಯನ್ನ ಲೀಟರಿನಲ್ಲಿ ಅಳೀತಾರೋ ಮೀಟರಿನಲ್ಲೋ?" ಎಂದು ಗುಂಪನ್ನೇ ಕೇಳಿದರು.

"ಮೆಟ್ಟಿಲಿನಲ್ಲಿ ಸಾರ್," ಎಂದು ಹಲ್ಲಿನ ಡಾಕ್ಟರು ಹಿಂದಿನಿಂದ ಕೂಗಿದರು. "ಅದಕ್ಕೆ ಸಾಧನ ಅವರ ಅಳಿಯನ ಹತ್ರಾನೇ ಇದೆ."

ಕೋಲು ಕೊಟ್ಟು ಹೊಡೆಸಿಕೊಂಡ ಹಾಗೆ ಭಾವ ಕಿಂಡಿ ಕೊಟ್ಟರು. ಅಧಿಕಾರಿ ಅದನ್ನು ಹಿಂದೆ ಮುಂದೆ ತಿರುಗಿಸಿದರು. "ಇಲಾಖೆ ಮುದ್ರೆ ಇಲ್ಲದ ಸಾಧನದಲ್ಲಿ ಅಳೆಯೋದು ಅಪರಾಧ," ಎಂದು ಹೇಳಿ, ತಾವೇ ಚೀಲದಿಂದ ಮುದ್ರೆ ತೆಗೆದು ರಟ್ಟಿನ ಮೇಲೆ ಠಪ್ ಎಂದು ಒತ್ತಿದರು. ಭಾವನ ಕಿಂಡಿ ಆ ಗಳಿಗೆಯಿಂದ ಸರ್ಕಾರಿಯಾಯಿತು. ಅಧಿಕಾರಿ ಇಣುಕಿದರು. ನೇರಳೆ ಕಂಡಿತು. ಅವರ ಮೀಸೆ ನಿಮಿರಿತು.

"ಇದಕ್ಕೆ ಏನು ಬೆರೆಸ್ತೀರಿ? ನಿಜ ಹೇಳಿ."

ಅಪ್ಪ ಹಾಸಿಗೆಯಿಂದ ಎದ್ದುಬಂದು ಬಾಗಿಲಿಗೆ ಒರಗಿ ನಿಂತಿದ್ದರು. ಕಸುಬಿನ ವಿಷಯದಲ್ಲಿ ಅವರೂ ಸುಳ್ಳು ಹೇಳುವವರಲ್ಲ. "ನೀಲಿ ಬೆರೆಸ್ತೀನಿ," ಎಂದರು.

"ಬಿಳಿಗೆ ನೀಲಿ!" ಅಧಿಕಾರಿ ಎರಡು ಹೆಜ್ಜೆ ಹಿಂದೆ ಸರಿದರು. ಗುಂಪು ನಾಲ್ಕು ಹೆಜ್ಜೆ ಸರಿಯಿತು. "ಇಷ್ಟು ಜನರ ಮುಂದೆ ಕಲಬೆರಕೆ ಒಪ್ಕೊಳ್ತೀರಾ? ಹಾಲಿಗೆ ನೀರು ಹಾಕೋನು ಕೂಡ ಇಷ್ಟು ಧೈರ್ಯ ಮಾಡಲ್ಲ! ಬೆಳ್ಳಗಿರೋದೆಲ್ಲಾ ಹಾಲಲ್ಲ ಅಂತ ಹಿರಿಯರು ಸುಮ್ನೆ ಹೇಳಿದ್ರಾ? ಏಣಿ ತರ್ಸಿ. ಬೋರ್ಡು ಇಳಿಸ್ಬೇಕು."

ಏಣಿ ಬಂತು. ನಮ್ಮ ದುರದೃಷ್ಟಕ್ಕೆ ಅದು ನಮ್ಮದೇ ಏಣಿ. ಅಪ್ಪ ಬೋರ್ಡಿನ ಕಡೆ ನೋಡಲಾರದೆ ನೆಲ ನೋಡಿದರು. ಮಹಡಿಯಲ್ಲಿ ಟ್ರಂಕಿನ ಬೀಗ ಹಾಕಿದ ಸದ್ದು ಕೆಳಗಿನವರೆಗೂ ಕೇಳಿತು.

ಅಷ್ಟರಲ್ಲಿ ಗುಂಪನ್ನು ಸೀಳಿಕೊಂಡು ಹೋಟೆಲಿನ ಮ್ಯಾನೇಜರು ನುಗ್ಗಿದರು. ತಲೆ ಕೆದರಿತ್ತು. ಒಂದು ಕೈಯಲ್ಲಿ ದಿಂಬಿನ ಕವರು, ಇನ್ನೊಂದರಲ್ಲಿ ನಡುವೆ ತೂತು ಕೊರೆದು ಅಂಚಿಗೆ ಹತ್ತು ಬೂದು ಚೌಕ ಬಳಿದ ಹೋಟೆಲಿನ ತಿಂಡಿಪಟ್ಟಿ.

"ನಾಲ್ಕು!" ಎಂದು ಕೂಗಿದರು. "ನಮ್ಮ ಹೋಟ್ಲು ಪೂರ್ತಿ ನಾಲ್ಕು ಸ್ವಾಮಿ! ಎಲ್ಲಾ ಕೋಣೆಗೂ ಹೋಗಿ ನೋಡಿದೆ. ಮಲಗಿದ್ದವರನ್ನ ಎಬ್ಬಿಸಿ ನೋಡಿದೆ. ಎಲ್ಲೂ ನಾಲ್ಕನೇ ಮೆಟ್ಟಿಲು ದಾಟಿಲ್ಲ! ನಿಮ್ಮ ಅಳಿಯ ನಿನ್ನೆ ಈ ಚಾದರಕ್ಕೆ ಎಷ್ಟು ಅಂದ್ರು?"

ಎಲ್ಲರೂ ಭಾವನತ್ತ ತಿರುಗಿದರು. ಭಾವ ಜೀವನದಲ್ಲಿ ಮೊದಲ ಸಲ ಕೇಳಿದ ಪ್ರಶ್ನೆಗೆ ಉತ್ತರ ಹೇಳದೆ ಬಾಯಿ ಮುಚ್ಚಿಕೊಂಡರು. ಹೇಳಿದ್ದರ ಫಲ ಕಣ್ಣೆದುರಿಗೆ ಏಣಿಯಾಗಿ ನಿಂತಿತ್ತು.

"ಹೇಳಿ ಭಾವ!" ಎಂದೆ ನಾನು.

"ಆರೂವರೆ," ಎಂದರು, ಕೇಳಿಸೀತೋ ಇಲ್ಲವೋ ಎಂಬಷ್ಟು ಮೆಲ್ಲಗೆ. "ನೆರಳಲ್ಲಿ ಹಾಲು ಇಟ್ಟು ನೋಡಿದ್ರೂ ಏಳು ಮುಟ್ಟೋದು ಕಷ್ಟ. ನೆರಳಿಗೆ ಬಂದ್ರೆ ಎಲ್ಲಾ ಕೆಳಗಿಳಿಯುತ್ತೆ, ಆಕಾಶದ ನೀಲೀನೂ ಮೇಲೆ ಬೀಳುತ್ತೆ. ಮಾವ ಹಾಕಿದ ನೀಲಿ ಅಲ್ಲ ಅದು. ನಾನು ಹೇಳೋಣ ಅಂತಿದ್ದೆ, ಯಾರೂ ಕೇಳ್ಲಿಲ್ಲ."

ಮ್ಯಾನೇಜರು ಅಧಿಕಾರಿಯ ಕೈಯಿಂದ ಸರ್ಕಾರಿ ಕಿಂಡಿ ಕಿತ್ತುಕೊಂಡರು. ದಿಂಬಿನ ಕವರನ್ನು ಚಾದರದ ಪಕ್ಕಕ್ಕೆ ಹಿಡಿದು ನೋಡಿದರು. ನಾಲ್ಕು, ಆರೂವರೆ. ಆರೂವರೆ, ನಾಲ್ಕು. ಸಂಭ್ರಮ ತಡೆಯಲಾರದೆ ಸುತ್ತ ತಿರುಗಿದಾಗ ಕಿಂಡಿಯೊಳಗೆ ಅಧಿಕಾರಿಯ ಎದೆ ಬಂತು.

"ಅಯ್ಯೋ ರಾಮ! ನಿಮ್ಮದು ಮೂರೂವರೆ!"

"ಏನ್ರೀ ಮೂರೂವರೆ?"

"ನಿಮ್ಮ ಷರಟು! ನೀವೇ ನೋಡಿ!"

"ನಿನ್ನೆ ತಾನೇ ಒಗೆಸಿದ್ದು!" ಎಂದು ಅಧಿಕಾರಿ ಷರಟಿನ ಅಂಚನ್ನು ಚಾದರಕ್ಕೆ ತಾಗಿಸಿ ಇಣುಕಿದರು. ಇಣುಕಿ, ಸ್ವಂತ ಕಣ್ಣನ್ನು ಒರೆಸಿಕೊಂಡು, ಮತ್ತೆ ಇಣುಕಿದರು. ಚಾದರದ ಪಕ್ಕದಲ್ಲಿ ಅವರ ಷರಟು ನೆಲ ಒರೆಸಿದ ಬಟ್ಟೆಯಂತಿತ್ತು. ಮುದ್ರೆ ಒತ್ತಿದವರು ಅವರೇ; ಸಾಧನ ಸುಳ್ಳೆನ್ನುವಂತಿಲ್ಲ. ಅಧಿಕಾರಿ ಗಂಭೀರವಾಗಿ ಒಂದೊಂದೇ ಗುಂಡಿ ಬಿಚ್ಚಿ, ಷರಟನ್ನು ಅಪ್ಪನ ಕೈಗಿತ್ತು, ಬನಿಯನ್‌ನಲ್ಲಿ ಬೆಂಚಿನ ಮೇಲೆ ಕೂತರು.

"ಯಾವಾಗ ಕೊಡ್ತೀರಿ?" ಎಂದು ಕೇಳಿದರು. ಟೇಪು ಸುತ್ತಿ ಚೀಲಕ್ಕೆ ಹಾಕುತ್ತ, "ಏಣಿ ಒಳಗಿಡಿ," ಎಂದರು.

ಹಲ್ಲಿನ ಡಾಕ್ಟರು ತಮ್ಮ ಕೋಟನ್ನು ಸವರಿಕೊಳ್ಳುತ್ತ, "ನಾನು ಬರೀ ವಿಚಾರಿಸೋಣ ಅಂತ ಹೋಗಿದ್ದೆ" ಎಂದು ಯಾರೂ ಕೇಳದಿದ್ದರೂ ಎಲ್ಲರಿಗೂ ಹೇಳಿದರು.

"ಕರಾರು ನಿಮಗೇ," ಎಂದು ಮ್ಯಾನೇಜರು ಅಪ್ಪನ ಎರಡೂ ಕೈ ಹಿಡಿದುಕೊಂಡರು. ಅಪ್ಪನ ಕಣ್ಣು ತುಂಬಿತು. "ಆದ್ರೆ ಒಂದು ಷರತ್ತು. ಪ್ರತಿ ಗಂಟನ್ನೂ ನಿಮ್ಮ ಅಳಿಯಂದಿರು ಈ ಕಿಂಡೀಲಿ ನೋಡಿ, ಮೆಟ್ಟಿಲು ಹೇಳಿ ಕಳಿಸ್ಬೇಕು. ಅವರಿಲ್ಲದ ಲಾಂಡ್ರಿ ನನಗೆ ಬೇಡ."

ಅಪ್ಪ ಗರ ಬಡಿದವರಂತೆ ನಿಂತರು. ಬೆಳಗಾಗುವ ತನಕ ಅಳಿಯನನ್ನು ಹೇಗೆ ಹೊರಗೆ ಹಾಕುವುದೆಂದು ಲೆಕ್ಕ ಹಾಕಿದ್ದವರು ಅವರು. ಭಾವನೂ ಅಷ್ಟೇ ಗಾಬರಿಯಿಂದ ಮಾವನನ್ನೇ ನೋಡುತ್ತಿದ್ದರು.

ಆಗ ಮೆಟ್ಟಿಲ ಮೇಲೆ ದಡಬಡ ಸದ್ದಾಯಿತು. ಅಕ್ಕ ಟ್ರಂಕನ್ನು ಒಂದು ಕೈಯಲ್ಲಿ ಹಿಡಿದು ಎಳೆದುಕೊಂಡು ಇಳಿಯುತ್ತಿದ್ದಳು. ಕೆಳಗೆ ನಡೆದದ್ದು ಅವಳಿಗೆ ಗೊತ್ತಿರಲಿಲ್ಲ. ಅತ್ತು ಅತ್ತು ಮೂಗು ಕೆಂಪಾಗಿತ್ತು. ಯಾರ ಮುಖವನ್ನೂ ನೋಡದೆ, ಗುಂಪಿನ ನಡುವೆ ಟ್ರಂಕು ಇಳಿಸಿ, "ಹೊರಡೋಣ ರೀ" ಎಂದಳು.

ಭಾವ ಕದಲಲಿಲ್ಲ. ಅಪ್ಪ ನಿಧಾನವಾಗಿ ಮುಂದೆ ಬಂದರು. ಟ್ರಂಕು ನೋಡಿದರು, ಮಗಳ ಮುಖ ನೋಡಿದರು.

"ಏನಮ್ಮಾ, ಇಷ್ಟೊಂದು ಬಟ್ಟೆ ಒಗೆಯೋಕೆ ತಂದಿದ್ದೀಯ?" ಎಂದರು. "ಇಡು ಇಲ್ಲಿ. ಮನೆಯವರ ಬಟ್ಟೆಗೆ ಅವಸರ ಏನಿಲ್ಲ. ಒಗೆದು ಮೇಲಕ್ಕೇ ಕಳಿಸ್ತೀನಿ."

ಅಕ್ಕ ಟ್ರಂಕಿನ ಮೇಲೆಯೇ ಕುಸಿದು ಕೂತಳು. ಅಪ್ಪ ಅವಳನ್ನು ಎಬ್ಬಿಸಿ, ಬೀಗ ತೆಗೆಸಿ, ಒಳಗೆ ಮಡಿಸಿಟ್ಟಿದ್ದ ಬಟ್ಟೆಗಳನ್ನು ಒಂದೊಂದಾಗಿ ಎತ್ತಿಕೊಂಡು ತೊಟ್ಟಿಯ ಕಡೆ ನಡೆದರು. ಎಲ್ಲವೂ ಒಗೆದ ಬಟ್ಟೆಗಳೇ. ಅಂದು ಅವನ್ನೆಲ್ಲ ಅವರು ಮತ್ತೆ ಒಗೆದರು.